ಪುಟ್ಟ ವಿಮಾನಕ್ಕೆ ಎಷ್ಟು ಕಾವಲು?

ಹುಣಸೂರು ಕಡೆಯ ಹುಡುಗಿಯೊಬ್ಬಳು ಪೈಲಟ್ ಆಗಬೇಕೆಂದರೆ, ಬೆಂಗಳೂರಿನ ಜಕ್ಕೂರಿನಂಥ ಶಾಲೆಯಲ್ಲಿ ಮೊದಲು ಹಾರಿಸುವುದು ಪುಟ್ಟ ವಿಮಾನವನ್ನೇ. ಭದ್ರತೆಯ ಹೆಸರಿನಲ್ಲಿ ಇವನ್ನು ಕಟ್ಟಿಹಾಕುವುದು ಸರಿಯೆ?

ಸೆಸ್ನಾ-172 ಎಂಬ ಪುಟ್ಟ ವಿಮಾನ ಜನ, ಇಂಧನ ಸೇರಿ ಸುಮಾರು 1,100 ಕಿಲೋ, ಒಂದು ಕಾರಿನಷ್ಟು. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳಿಗೆ ಬಡಿದ ಬೋಯಿಂಗ್‌ಗಳು ನೂರು ಟನ್ ಮೀರಿದ್ದವು. ವೇಗ ಮೂರು ಪಟ್ಟಿಗೂ ಹೆಚ್ಚು. ಚಲನಶಕ್ತಿ ಏರುವುದು ವೇಗದ ವರ್ಗದಂತೆ. ಲೆಕ್ಕ ಹಾಕಿ ನೋಡಿ: ಸಾವಿರ ಪಟ್ಟಿನ ಅಂತರ!

ಹಾಗೆಂದು ಕಾವಲೇ ಬೇಡವೆ? ಬೇಕು. 1987ರಲ್ಲಿ ಪಶ್ಚಿಮ ಜರ್ಮನಿಯ 18ರ ತರುಣ ಮಥಿಯಾಸ್ ರುಸ್ಟ್, ಸೆಸ್ನಾ ಒಂದನ್ನು ಮಾಸ್ಕೋದ ಕೆಂಪು ಚೌಕದ ಬಳಿ ಇಳಿಸಿದ್ದ. ಅದರಲ್ಲಿ ಬಾಂಬಿರಲಿಲ್ಲ, ಇದ್ದಿದ್ದರೆ?

ಹಾರಿಸುವವರು ಯಾರು, ಒಳಗೇನಿದೆ, ಎಲ್ಲಿಗೆ ಎಂದು ಕೇಳುವುದು ನ್ಯಾಯ. ಹಾರಾಟವನ್ನೇ ನಿಲ್ಲಿಸುವುದಲ್ಲ. ನಮ್ಮ 2021ರ ಡ್ರೋನ್ ನಿಯಮಗಳು ತೂಕ ನೋಡಿ ವಿಂಗಡಿಸಿ, ಹಗುರವಾದವಕ್ಕೆ ಕಟ್ಟುಪಾಡನ್ನೂ ಹಗುರಗೊಳಿಸಿವೆ. ಅಪಾಯಕ್ಕೆ ತಕ್ಕಷ್ಟೇ ಕಾವಲಿರಲಿ.