ನಾಲ್ಕು ವರ್ಷದ ಲೆಕ್ಕ ಮೊದಲ ದಿನವೇ

ಕಳೆದ ತಿಂಗಳು ಪಿಯುಸಿ ಫಲಿತಾಂಶದ ಬಗ್ಗೆ ಬರೆದಾಗ ಇಬ್ಬರು ಮೂವರು ತಾಯಂದಿರು ಒಂದೇ ಪ್ರಶ್ನೆ ಕೇಳಿದ್ದರು: ಖಾಸಗಿ ವಿಶ್ವವಿದ್ಯಾಲಯದವರು ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ, ಸೇರಿಸಬಹುದಾ? ಉತ್ತರ ಬರೆಯೋಣ ಅಂದುಕೊಳ್ಳುವಷ್ಟರಲ್ಲಿ ಆ ಪ್ರಶ್ನೆ ನಮ್ಮ ಮನೆಗೇ ನಡೆದು ಬಂತು.

ಭಾನುವಾರ ಮುಂಜಾನೆ ನನ್ನ ತಮ್ಮ ಹೊಳೆಯುವ ಹಾಳೆಯ ಪುಸ್ತಕವೊಂದನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದ. ಹಿಂದೆ ಅವನ ಮಗಳು. "ಅಕ್ಕಾ, ಕಂಪ್ಯೂಟರ್ ಸೈನ್ಸ್ ಸೀಟ್ ಹಿಡಿದಿಟ್ಟಾರಂತ. ಬುಧವಾರದೊಳಗ 50 ಸಾವಿರ ತುಂಬಬೇಕು. ಕಾಲುವಿ ಬಾಜೂಕಿನ ಎರಡು ಎಕರೆ ಮ್ಯಾಲ ಸಾಲ ಎತ್ತೂದು ಅಂತ ಮಾಡೇನಿ" ಅಂದ.

ಆ ಎರಡು ಎಕರೆ ಯಾವುದು ಅಂತ ನನಗೆ ಗೊತ್ತು. ನಮ್ಮ ಅಪ್ಪನ ಒಳ್ಳೆಯ ಹೊಲವೆಲ್ಲ ಆಲಮಟ್ಟಿ ಹಿನ್ನೀರಿನ ಅಡಿಗಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಹಾಕಿದ ಆಣೆಕಟ್ಟಿಗೆ ನಮ್ಮ ಹೊಲ ಹೋದಾಗ ಪರಿಹಾರ ಬಂತು. ಆ ರೊಕ್ಕ ಒಂದು ಮನೆ, ಎರಡು ಮದುವೆ, ಒಂದು ಮೋಟರ್ ಸೈಕಲ್ ಆಗಿ ಮೂರು ವರ್ಷದಲ್ಲಿ ಮುಗಿಯಿತು. ನಮ್ಮ ಕಡೆ ಇದು ಹೊಸ ಕಥೆಯಲ್ಲ, ಪ್ರತಿ ಓಣಿಯಲ್ಲೂ ಇದೆ. ಉಳಿದದ್ದು ಈ ಎರಡು ಎಕರೆ. ಅದಕ್ಕೇ ನಾನು "ನೋಡೋ ತಮ್ಮಾ, ಎತ್ತು ಕೊಳ್ಳೂ ಮುಂದ ಹಲ್ಲು ಎಣಸ್ತಿ. ಇದನ್ನ ನೋಡದs ರೊಕ್ಕ ಕಟ್ತೀಯಾ?" ಅಂತ ಕೇಳಿದೆ. ಮರುದಿನ ಹೋಗಿ ನೋಡಿ ಬರುವುದು ಅಂತಾಯಿತು.

ಹೋಗುವ ಮುಂಚೆ ಆ ರಾತ್ರಿ ಸೊಸೆ (ನಮ್ಮಲ್ಲಿ ತಮ್ಮನ ಮಗಳಿಗೆ ಹಾಗೇ ಅನ್ನೋದು) ಮತ್ತು ನಾನು ಮೊಬೈಲ್ ಹಿಡಿದು ಕೂತೆವು. ಮೊದಲು ನೋಡಿದ್ದು ಯುಜಿಸಿ ಜಾಲತಾಣದ ಪಟ್ಟಿ. ಈ ವಿಶ್ವವಿದ್ಯಾಲಯದ ಹೆಸರು ಅದರಲ್ಲಿತ್ತು, ಅಷ್ಟು ಸಮಾಧಾನ. ಅದೇ ಜಾಲತಾಣದಲ್ಲಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯೂ ಇರುತ್ತದೆ. ಗೋಕಾಕದ ವಿಳಾಸದ ಒಂದು 'ವರ್ಲ್ಡ್ ಓಪನ್ ಯುನಿವರ್ಸಿಟಿ' ವರ್ಷಗಟ್ಟಲೆ ಅದರಲ್ಲಿತ್ತು. ದೂರದ ದಿಲ್ಲಿಯ ಮಾತಲ್ಲ, ನಮ್ಮ ಪಕ್ಕದ್ದೇ.

ಆಮೇಲೆ ಬಂದದ್ದು ಇದು ಯಾವ ಜಾತಿಯ ವಿಶ್ವವಿದ್ಯಾಲಯ ಎನ್ನುವ ಪ್ರಶ್ನೆ. ಬಹಳ ಜನ ಇಲ್ಲೇ ಎಡವುವುದು. ನಮ್ಮ ವಿಜಯಪುರವನ್ನೇ ತೆಗೆದುಕೊಳ್ಳಿ. ಊರಲ್ಲಿ ಎರಡು ಖಾಸಗಿ ವೈದ್ಯಕೀಯ ಕಾಲೇಜುಗಳಿವೆ. ಅಲ್-ಅಮೀನ್ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು 2008ರಿಂದ ಡೀಮ್ಡ್ ವಿಶ್ವವಿದ್ಯಾಲಯದ ಭಾಗ. ಎರಡಕ್ಕೂ ನೀಟ್ ಬೇಕು. ಆದರೆ ಡೀಮ್ಡ್ ಸೀಟು ಹಂಚುವುದು ದಿಲ್ಲಿಯ ಎಂಸಿಸಿ, ಇನ್ನೊಂದರ ಸೀಟಿಗೆ ಬೆಂಗಳೂರಿನ ಕೆಇಎ. ಒಂದೇ ಊರು, ಒಂದೇ ಓದು, ಆದರೆ ಅರ್ಜಿ ಹಾಕುವ ಬಾಗಿಲು ಬೇರೆ, ಶುಲ್ಕದ ಲೆಕ್ಕ ಬೇರೆ.

ಮೂರನೆಯ ಬಗೆ ರಾಜ್ಯದ ಕಾಯ್ದೆಯಿಂದ ಆದ ಖಾಸಗಿ ವಿಶ್ವವಿದ್ಯಾಲಯ. ಹುಬ್ಬಳ್ಳಿಯ ಹಳೇ ಬಿವಿಬಿ ಕಾಲೇಜು 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಕಲಬುರಗಿಯ ಶರಣಬಸವ ವಿಶ್ವವಿದ್ಯಾಲಯ 2017ರಲ್ಲಿ ಶುರುವಾಯಿತು. ಇಂಥವಕ್ಕೆ ಒಂದೊಂದಕ್ಕೂ ಒಂದೊಂದು ಕಾಯ್ದೆ. 40 ಪ್ರತಿಶತ ಸೀಟುಗಳನ್ನು ಕರ್ನಾಟಕದ ಮಕ್ಕಳಿಗೆ ಸಿಇಟಿ ಮೂಲಕ ಕೊಡಬೇಕು ಎಂಬ ಮಾತು ಆ ಕಾಯ್ದೆಗಳಲ್ಲಿ ಬರುತ್ತದೆ. ಅಂದರೆ ಅದೇ ಕಟ್ಟಡದ ಅದೇ ಬೆಂಚಿಗೆ ಎರಡು ದರ! ತಮ್ಮನಿಗೆ ಫೋನ್ ಮಾಡಿದಾತ ಈ ಸುದ್ದಿಯನ್ನೇ ಎತ್ತಿರಲಿಲ್ಲ. ಬದಲಿಗೆ "ನಿಮಗ 371 ಜೆ ಸಿಗತೈತ್ರಿ" ಅಂದಿದ್ದನಂತೆ. ತಾಳಿಕೋಟೆ ದಾಟಿ ಹುಣಸಗಿಗೆ ಹೋದರೆ ಸಿಗುತ್ತದೆ, ಅದು ಯಾದಗಿರಿ ಜಿಲ್ಲೆ. ವಿಜಯಪುರ ಜಿಲ್ಲೆಯವರಿಗೆ ಆ ಮೀಸಲಾತಿ ಇಲ್ಲ. ಇಷ್ಟು ಗೊತ್ತಿಲ್ಲದವನು ಅಥವಾ ಗೊತ್ತಿದ್ದೂ ಹೇಳದವನು ಪ್ರವೇಶ ಸಲಹೆಗಾರ!

ಸೋಮವಾರ ಹೋದೆವು. ಊರಿನ ಹೆಸರು, ಸಂಸ್ಥೆಯ ಹೆಸರು ಬೇಡ. ಹೊಸ ಸಂಸ್ಥೆ, ಸಣ್ಣದು. ಗಾಜಿನ ಕಟ್ಟಡ, ಒಳಗೆ ತಂಪು, ಕೂತ ಕೂಡಲೇ ಕಾಫಿ. "ನಮ್ಮ ಹೈಯೆಸ್ಟ್ ಪ್ಯಾಕೇಜ್ 28 ಲಕ್ಷ ಮೇಡಂ" ಅಂದಳು ಅಲ್ಲಿಯ ಹುಡುಗಿ. ನಾನು "ಅದು ಒಬ್ಬರದಾತು. ನಟ್ಟನಡುವಿನ ಹುಡುಗನದು ಎಷ್ಟವ್ವಾ?" ಅಂದೆ. ಅವಳು ಒಳಗೆ ಹೋಗಿ ಕೇಳಿ ಬರ್ತೀನಿ ಅಂತ ಹೋದವಳು ಇನ್ನೊಂದು ಕಾಫಿ ತಂದಳು. ಓದುಗರಿಗೆ ಒಂದು ದಾರಿ ಹೇಳ್ತೀನಿ: ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಅರ್ಜಿ ಹಾಕುವ ಸಂಸ್ಥೆಗಳು ಕೊಟ್ಟ ಮಾಹಿತಿಯನ್ನು ತಮ್ಮ ಜಾಲತಾಣದಲ್ಲೂ ಹಾಕಬೇಕು. ಎಷ್ಟು ಜನ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ನಡುವಿನ ಸಂಬಳ ಎಷ್ಟು ಅಂತ ಅದರಲ್ಲಿ ಇರುತ್ತದೆ. ನಾವು ನೋಡಿದ ಸಂಸ್ಥೆ ಅರ್ಜಿಯನ್ನೇ ಹಾಕಿರಲಿಲ್ಲ. ನ್ಯಾಕ್ ಗ್ರೇಡಿನ ದೊಡ್ಡ ಬ್ಯಾನರ್ ಮಾತ್ರ ಇತ್ತು. ಗ್ರೇಡ್ ಬೇಕು, ನಿಜ. ಆದರೆ 2025ರ ಫೆಬ್ರವರಿಯಲ್ಲಿ ಲಂಚದ ಆರೋಪದ ಮೇಲೆ ನ್ಯಾಕ್ ತಪಾಸಣಾ ತಂಡದವರನ್ನೇ ಸಿಬಿಐ ಬಂಧಿಸಿದ ಮೇಲೆ ನಾನು ಅದೊಂದನ್ನೇ ನೆಚ್ಚುವುದಿಲ್ಲ.

ಕ್ಲಾಸು ನೋಡಬಹುದಾ ಅಂದೆ. ಇವತ್ತು ಇಲ್ಲ ಅಂದರು. ಕ್ಯಾಂಟೀನಿಗೆ ಹೋಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಲ್ಲಿ ಸಿಂದಗಿ ಕಡೆಯ ಒಬ್ಬ ಹುಡುಗ ಸಿಕ್ಕ, ಎರಡನೇ ವರ್ಷ. ನಮ್ಮ ಮಾತು ಕೇಳಿಯೇ ಹತ್ತಿರ ಬಂದ. "ಲ್ಯಾಬ್ ಚಲೋ ಐತ್ರಿ ಅತ್ತಿ, ಸುಳ್ಳ ಯಾಕ ಹೇಳ್ಲಿ. ಗಣಿತಕ್ಕ ಮಾತ್ರ ಒಂದs ಸೆಮಿಸ್ಟರ್‌ನ್ಯಾಗ ಮೂರು ಮಂದಿ ಸರ್ ಬದಲಾದ್ರು" ಅಂದ. ಪರೀಕ್ಷೆ ಹ್ಯಾಂಗ ಅಂತ ಕೇಳಿದೆ. "ಪೇಪರ್ ಇವರs ತಗೀತಾರ, ಇವರs ತಿದ್ದತಾರ. ಫೇಲ್ ಆಗೋರು ಕಡಿಮಿ." ಸೊಸೆಗೆ ಖುಷಿಯಾಯಿತು. ನನಗೆ ಆಗಲಿಲ್ಲ.

ಯಾಕೆಂದರೆ ಖಾಸಗಿ ವಿಶ್ವವಿದ್ಯಾಲಯ ಎಂದರೆ ಪಠ್ಯ ಅವರದು, ಪ್ರಶ್ನೆಪತ್ರಿಕೆ ಅವರದು, ಪದವಿ ಪತ್ರವೂ ಅವರದು. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನದೋ ವಿಜಯಪುರದ ಹಳಕಟ್ಟಿ ಇಂಜಿನಿಯರಿಂಗ್ ಕಾಲೇಜಿನದೋ ಹುಡುಗಿಗೆ ಸಿಗುವುದು ವಿಟಿಯು ಪದವಿ. ಅದು ಏನು ಅಂತ ಕೆಲಸ ಕೊಡುವವನಿಗೆ ಗೊತ್ತು. ಹೊಸ ಸಂಸ್ಥೆಯ ಪದವಿಗೆ ಬೆಲೆ ಬರಬೇಕಾದರೆ ಅಲ್ಲಿ ಕಲಿತವರು ಹೊರಗೆ ಹೋಗಿ ತೋರಿಸಬೇಕು. ಹುಬ್ಬಳ್ಳಿಯದಕ್ಕೆ 1947ರಿಂದ ಕಲಿತು ಹೊರಬಿದ್ದವರ ಹೆಸರು ಬೆನ್ನಿಗಿತ್ತು. ನಾವು ನೋಡಿದ ಸಂಸ್ಥೆಯಿಂದ ಹೊರಬಿದ್ದ ತಂಡಗಳು ಎರಡೇ.

ಖಾಸಗಿ ಅಂದಕೂಡಲೇ ಮೋಸ ಅನ್ನುವವಳು ನಾನಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೂ 2010ರ ರಾಜ್ಯ ಕಾಯ್ದೆಯದೇ. ಅಲ್ಲಿ ಪ್ರವೇಶ ಪರೀಕ್ಷೆ, ಸಂದರ್ಶನ ಇದೆ. ಮನೆಯ ಆದಾಯ ನೋಡಿ ಶುಲ್ಕ ಪೂರ್ತಿ ಬಿಡುವುದೂ ಇದೆ. ಇಂಜಿನಿಯರಿಂಗ್ ಇಲ್ಲ, ನಮ್ಮ ಹುಡುಗಿಗೆ ಆಗುವುದಿಲ್ಲ. ಬಿಎ, ಬಿಎಸ್ಸಿ ಓದುವ ಬಡವರ ಮಕ್ಕಳು ಅವಶ್ಯ ನೋಡಬೇಕು.

ರಾತ್ರಿ ಊಟವಾದ ಮೇಲೆ ಹಳೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆವು. ತಮ್ಮನ ತಲೆಯಲ್ಲಿದ್ದದ್ದು ವರ್ಷಕ್ಕೆ 2 ಲಕ್ಷ 40 ಸಾವಿರ, ನಾಲ್ಕು ವರ್ಷಕ್ಕೆ ಹತ್ತು ಲಕ್ಷದೊಳಗೆ. ಹಾಸ್ಟೆಲ್ ಮತ್ತು ಮೆಸ್ 1 ಲಕ್ಷ 10 ಸಾವಿರ. 'ಸ್ಕಿಲ್ ತರಬೇತಿ' 30 ಸಾವಿರ. ಪರೀಕ್ಷೆ, ಸಮವಸ್ತ್ರ, ಇತರೆ 25 ಸಾವಿರ. ವರ್ಷಕ್ಕೆ 4 ಲಕ್ಷ 5 ಸಾವಿರ ಆಯಿತು. ನಾಲ್ಕು ವರ್ಷಕ್ಕೆ 16 ಲಕ್ಷ 20 ಸಾವಿರ. ಲ್ಯಾಪ್‌ಟಾಪ್ 55 ಸಾವಿರ. ಅರ್ಜಿಯ ಹಿಂದೆ ಸಣ್ಣ ಅಕ್ಷರದಲ್ಲಿ 'ಬೋಧನಾ ಶುಲ್ಕ ವರ್ಷಕ್ಕೆ 5 ಪ್ರತಿಶತದವರೆಗೆ ಹೆಚ್ಚಬಹುದು' ಅಂತಿತ್ತು. ಅದು ಸೇರಿದರೆ ಹದಿನೇಳೂವರೆ ಲಕ್ಷದ ಹತ್ತಿರ. ಸಾಲದ ಬಡ್ಡಿ ಬೇರೆ. ತಮ್ಮ ಬಹಳ ಹೊತ್ತು ಸುಮ್ಮನೆ ಕೂತ. ಆಮೇಲೆ "ಹೊಲ ಮಾರಿದ್ರೂ ಸಾಲಂಗಿಲ್ಲ ಅಕ್ಕಾ" ಅಂದ.

ಸರ್ಕಾರದ ಶುಲ್ಕ ಮರುಪಾವತಿ ಸಾಮಾನ್ಯವಾಗಿ ಸಿಇಟಿ ಸೀಟಿಗೇ, ಮ್ಯಾನೇಜ್‌ಮೆಂಟ್ ಸೀಟಿಗೆ ಅದನ್ನು ನಂಬಿ ಕೂರಬೇಡಿ. 2024ರ ನವೆಂಬರಿನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ 3 ಪ್ರತಿಶತ ರಿಯಾಯಿತಿಯೂ ಇದೆ. ಆದರೆ ಅದು ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಶುರುವಿನಲ್ಲಿ ಆ ಪಟ್ಟಿಯಲ್ಲಿದ್ದದ್ದು 860 ಸಂಸ್ಥೆ. ನಾವು ನೋಡಿದ್ದು ಅದರಲ್ಲಿಲ್ಲ.

ಈಗಾಗಲೇ ರೊಕ್ಕ ಕಟ್ಟಿ ಕೂತವರಿಗೂ ಒಂದು ಮಾತು. ಯುಜಿಸಿಯ 2018ರ ಅಧಿಸೂಚನೆ ಪ್ರಕಾರ ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಹೆಚ್ಚು ಉಳಿದಿರುವಾಗ ಸೀಟು ಬಿಟ್ಟರೆ ಶುಲ್ಕ ಪೂರ್ತಿ ವಾಪಸ್ ಕೊಡಬೇಕು, ಹೆಚ್ಚೆಂದರೆ 5 ಸಾವಿರ ಹಿಡಿಯಬಹುದು. ದಿನ ಕಳೆದಂತೆ ಅದು 90, 80, 50 ಪ್ರತಿಶತಕ್ಕೆ ಇಳಿಯುತ್ತದೆ. ಕೊನೆಯ ದಿನ ದಾಟಿ 30 ದಿನ ಕಳೆದರೆ ಏನೂ ಇಲ್ಲ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವ ಹಾಗಿಲ್ಲ. ಮುಂದಿನ ವರ್ಷದ ಶುಲ್ಕ ಈಗಲೇ ಕೇಳುವ ಹಾಗೂ ಇಲ್ಲ. ಬಿಡುವುದನ್ನು ಬಾಯಲ್ಲಿ ಹೇಳಬೇಡಿ, ಬರೆದುಕೊಡಿ. ಒಂದು ಪ್ರತಿಗೆ ಸಹಿ ಹಾಕಿಸಿ ಇಟ್ಟುಕೊಳ್ಳಿ.

ಬುಧವಾರ ನಾವು ಕಟ್ಟಲಿಲ್ಲ. ಗುರುವಾರ ಫೋನ್ ಬಂತು: ನಿಮಗೋಸ್ಕರ ಶನಿವಾರದವರೆಗೆ ಸೀಟು ಇಟ್ಟಿದ್ದೇವೆ. ಶನಿವಾರ ಮತ್ತೆ ಬಂತು: 20 ಸಾವಿರ ರಿಯಾಯಿತಿ. ಸೊಸೆಯೇ ಫೋನ್ ತೆಗೆದುಕೊಂಡು "ನಿಮ್ಮಲ್ಲಿ ಸಿಇಟಿ ಕೋಟಾದ ಶುಲ್ಕ ಎಷ್ಟ್ರೀ?" ಅಂತ ಕೇಳಿದಳು. ಆಮೇಲೆ ಫೋನ್ ಬಂದಿಲ್ಲ.

ಆಯ್ಕೆ ಪಟ್ಟಿ ಅವಳೇ ತುಂಬಿದ್ದಾಳೆ. ಬಾಗಲಕೋಟೆ ಮೊದಲು, ವಿಜಯಪುರ ಎರಡನೆಯದು, ಹುಬ್ಬಳ್ಳಿ ಮೂರು. ನಾವು ನೋಡಿ ಬಂದದ್ದನ್ನೂ ಆರನೆಯದಾಗಿ ಹಾಕಿದ್ದಾಳೆ, ಸಿಇಟಿ ಸೀಟಿಗೆ. "ಲ್ಯಾಬ್ ಚಲೋ ಐತಿ ಅಂದಿದ್ನಲ್ಲ ಅತ್ತಿ" ಅಂದಳು. ಇರಲಿ ಅಂದೆ. ಕಂಪ್ಯೂಟರ್ ಸೈನ್ಸ್ ಸಿಗಲಿಕ್ಕಿಲ್ಲ, ಎಲೆಕ್ಟ್ರಾನಿಕ್ಸ್ ಸಿಗಬಹುದು ಅಂತ ಅವಳ ಲೆಕ್ಕ. ತಮ್ಮ ಹೊಲದ ಉತಾರ ಮತ್ತೆ ಟ್ರಂಕಿನಲ್ಲಿಟ್ಟು, ಆಲಮಟ್ಟಿ ಸ್ಟೇಷನ್ನಿಗೆ ಹೋಗಿ ಬಾಗಲಕೋಟೆಗೆ ಮುಂಜಾನೆಯ ಗಾಡಿ ಎಷ್ಟೊತ್ತಿಗೆ ಅಂತ ಕೇಳಿ ಬಂದಿದ್ದಾನೆ.