ಅವಳಿ ಮಕ್ಕಳು ‘ಬೋನಸ್’ ಅಲ್ಲ: ಐವಿಎಫ್ ಮಾರುಕಟ್ಟೆ ಹೇಳದ ಲೆಕ್ಕ

ನಮ್ಮ ಚಿಕ್ಕಮ್ಮನ ಮಗಳಿಗೆ ಐವಿಎಫ್‌ನಿಂದ ಗರ್ಭ ನಿಂತಿದೆ, ಅದೂ ಅವಳಿ ಅಂತ ಗೊತ್ತಾದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ‘ಒಂದೇ ಖರ್ಚಲ್ಲಿ ಎರಡು’ ಅಂತ ನಾನೂ ತಮಾಷೆ ಮಾಡಿದ್ದೆ. ಎಂಟನೇ ತಿಂಗಳು ಶುರುವಾಗಿತ್ತಷ್ಟೆ, 31ನೇ ವಾರಕ್ಕೇ ಹೆರಿಗೆಯಾಯಿತು. ಎರಡೂ ಕೂಸುಗಳು ಎನ್‌ಐಸಿಯುಗೆ. ಒಂದು 26 ದಿನ ಅಲ್ಲಿತ್ತು, ಇನ್ನೊಂದು 41 ದಿನ. ಚಿಕಿತ್ಸೆಗೆ ಮಾಡಿದ್ದ ಸಾಲದ ಮೇಲೆ ಮತ್ತೊಂದು ಸಾಲ.

ಮಕ್ಕಳು ಈಗ ಚೆನ್ನಾಗಿದ್ದಾರೆ. ಆದರೆ ಅಕ್ಕ ಆಗ ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ‘ಎರಡು ಭ್ರೂಣ ಹಾಕಿದ್ರೆ ಹೀಗೂ ಆಗಬಹುದು ಅಂತ ಯಾರೂ ನಂಗೆ ಯಾಕೆ ಹೇಳ್ಲಿಲ್ಲ?’ ಅವಳಿಂದ ಸಹಿ ಹಾಕಿಸಿಕೊಂಡ ಕಾಗದದಲ್ಲಿ ಅದು ಇತ್ತು. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ.

ಇದನ್ನು ಒಂದು ಮನೆಯ ಕಥೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಇದರೊಳಗೆ ರಾಜಕೀಯ ಇದೆ. 2024ರ ಅಕ್ಟೋಬರಿನಲ್ಲಿ ಚಂದ್ರಬಾಬು ನಾಯ್ಡು, ಅವರ ಬೆನ್ನಿಗೇ ಸ್ಟಾಲಿನ್, ದಕ್ಷಿಣದವರು ಹೆಚ್ಚು ಮಕ್ಕಳನ್ನು ಹೆರುವ ಮಾತು ಎತ್ತಿದರು. ಕ್ಷೇತ್ರ ಮರುವಿಂಗಡಣೆಯ ಆತಂಕ ಅದರ ಹಿಂದಿತ್ತು. ಕರ್ನಾಟಕದ ಒಟ್ಟು ಫಲವತ್ತತೆ ದರವೂ ಎನ್‌ಎಫ್‌ಎಚ್‌ಎಸ್-5ರ ಪ್ರಕಾರ 1.7ಕ್ಕೆ ಇಳಿದಿದೆ. ಮಕ್ಕಳನ್ನು ಹೆರಿ ಅನ್ನೋ ನಾಯಕರು, ಮಕ್ಕಳು ಬೇಕು ಅಂತ ಆಸ್ಪತ್ರೆ ಅಲೆಯುವವರ ಬಗ್ಗೆ ಏನು ಹೇಳಿದ್ದಾರೆ? ಹೆಚ್ಚೇನಿಲ್ಲ. ಆ ಜಾಗವನ್ನು ಪೂರ್ತಿ ಮಾರುಕಟ್ಟೆಗೆ ಬಿಟ್ಟಿದ್ದೇವೆ.

ಎರಡು ಭ್ರೂಣ ಯಾಕೆ?

37 ವಾರ ತುಂಬುವ ಮೊದಲೇ ಆಗುವ ಹೆರಿಗೆ ಅವಧಿಪೂರ್ವ ಹೆರಿಗೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು, ತ್ರಿವಳಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೀಗೆ ಬೇಗ ಹುಟ್ಟುತ್ತವೆ. ಶ್ವಾಸಕೋಶ ಬಲಿತಿರುವುದಿಲ್ಲ, ಸೋಂಕು ಬೇಗ ತಗಲುತ್ತದೆ, ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ತಾಯಿಗೂ ರಕ್ತದೊತ್ತಡ, ಹೆರಿಗೆಯ ನಂತರದ ರಕ್ತಸ್ರಾವದ ಅಪಾಯ ಹೆಚ್ಚು. 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು ಅವಧಿಗೆ ಮುಂಚೆ ಹುಟ್ಟಿದವು ಎಂಬ ಅಂದಾಜಿದೆ. ಜಗತ್ತಿನಲ್ಲೇ ಇದು ಅತಿ ಹೆಚ್ಚು. ಇದರಲ್ಲಿ ಬಹುಪಾಲು ಐವಿಎಫ್‌ನಿಂದ ಆದದ್ದಲ್ಲ, ನಿಜ. ಆದರೆ ಉಳಿದ ಕಾರಣಗಳನ್ನು ತಡೆಯುವುದು ಕಷ್ಟ. ಇದನ್ನು ಮಾತ್ರ ಗರ್ಭಕೋಶಕ್ಕೆ ಎಷ್ಟು ಭ್ರೂಣ ಹಾಕಬೇಕು ಎಂಬ ಒಂದು ತೀರ್ಮಾನದಿಂದಲೇ ಬಹಳ ಮಟ್ಟಿಗೆ ತಡೆಯಬಹುದು.

ಹಾಗಿದ್ರೂ ಎರಡು, ಮೂರು ಹಾಕೋದು ಯಾಕೆ? ಲೆಕ್ಕ ಸರಳ. ಒಂದು ಸಲದ ಐವಿಎಫ್‌ಗೆ ಒಂದೂವರೆ, ಎರಡು ಲಕ್ಷ ಬೇಕು. ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಬಂಜೆತನದ ಚಿಕಿತ್ಸೆಯನ್ನು ಹೊರಗಿಡುತ್ತವೆ. ಆಯುಷ್ಮಾನ್ ಭಾರತದಲ್ಲೂ ಅದಿಲ್ಲ. ಸೈಟೋ ಒಡವೆಯೋ ಮಾರಿ ಬಂದ ದಂಪತಿಗೆ ಮತ್ತೊಂದು ಅವಕಾಶ ಸಿಗುವ ಖಾತ್ರಿ ಇಲ್ಲ. ಕ್ಲಿನಿಕ್‌ಗೆ ‘ಸಕ್ಸಸ್ ರೇಟ್’ ಬೇಕು. ಆ ರೇಟು ಎಣಿಸುವುದು ಗರ್ಭ ನಿಂತಿತಾ ಎಂಬುದನ್ನು. ಮಗು ಯಾವ ವಾರ ಹುಟ್ಟಿತು, ಎಷ್ಟು ದಿನ ಐಸಿಯುನಲ್ಲಿತ್ತು ಎಂಬುದು ಜಾಹೀರಾತಿಗೆ ಬರೋದಿಲ್ಲ. ಲಾಭ ಒಂದು ಕಡೆ, ಎನ್‌ಐಸಿಯು ಬಿಲ್ಲು ಇನ್ನೊಂದು ಕಡೆ.

ಐವಿಎಫ್ ಒಂದೇ ಅಲ್ಲ. ಅಂಡಾಣು ಬೆಳೆಸುವ ಮಾತ್ರೆ, ಚುಚ್ಚುಮದ್ದು ಕೊಟ್ಟು ಐಯುಐ ಮಾಡುವಾಗ ಎಷ್ಟು ಅಂಡಾಣು ಫಲಿಸುತ್ತವೆ ಅನ್ನೋದು ವೈದ್ಯರ ಕೈಯಲ್ಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಹೆಚ್ಚು ಅಂಡಕೋಶಗಳು ಕಂಡರೆ ಆ ತಿಂಗಳ ಪ್ರಯತ್ನವನ್ನೇ ಕೈಬಿಡಬೇಕು. ದುಡ್ಡು ಕಟ್ಟಿದವರಿಗೆ ‘ಈ ತಿಂಗಳು ಬೇಡ’ ಅನ್ನಲು ವೃತ್ತಿ ಧೈರ್ಯ ಬೇಕು.

ಬೇರೆಯವರು ಏನು ಮಾಡಿದರು?

ಬೆಲ್ಜಿಯಂ 2003ರಲ್ಲಿ ಒಂದು ಒಪ್ಪಂದ ಮುಂದಿಟ್ಟಿತು: ಆರು ಸಲದ ಐವಿಎಫ್‌ನ ಪ್ರಯೋಗಾಲಯದ ಖರ್ಚು ಸರ್ಕಾರದ್ದು, ಬದಲಿಗೆ 36ರೊಳಗಿನ ಹೆಂಗಸರಿಗೆ ಮೊದಲ ಸಲ ಒಂದೇ ಭ್ರೂಣ. ಅವಳಿ ಹೆರಿಗೆಗಳು ಅರ್ಧಕ್ಕಿಂತ ಕೆಳಗಿಳಿದವು, ಗರ್ಭ ನಿಲ್ಲುವ ಪ್ರಮಾಣ ಕುಸಿಯಲಿಲ್ಲ. ಬ್ರಿಟನ್‌ನಲ್ಲಿ 1990ರ ದಶಕದಲ್ಲಿ ಐವಿಎಫ್ ಹೆರಿಗೆಗಳಲ್ಲಿ ಶೇ. 28ರಷ್ಟು ಅವಳಿ, ತ್ರಿವಳಿ ಆಗುತ್ತಿದ್ದವು. ನಿಯಂತ್ರಣ ಸಂಸ್ಥೆ ಪ್ರತಿ ಕ್ಲಿನಿಕ್‌ಗೂ ಗುರಿ ಹಾಕಿತು. 2019ಕ್ಕೆ ಅದು ಶೇ. 6ಕ್ಕೆ ಬಂತು. ಭ್ರೂಣಗಳನ್ನು ಸುರಕ್ಷಿತವಾಗಿ ಶೈತ್ಯೀಕರಿಸುವ ತಂತ್ರ ಈಗಿರುವುದರಿಂದ ಎರಡನ್ನೂ ಒಟ್ಟಿಗೆ ಹಾಕುವ ಅಗತ್ಯ ಕಡಿಮೆ. ಒಂದನ್ನು ಈಗ, ಒಂದನ್ನು ಆಮೇಲೆ ಹಾಕಬಹುದು.

ನಮ್ಮಲ್ಲೂ ಕಾನೂನು ಇದೆ. 2021ರ ಎಆರ್‌ಟಿ ಕಾಯ್ದೆ, ಒಂದಕ್ಕಿಂತ ಹೆಚ್ಚು ಭ್ರೂಣ ನಿಲ್ಲುವ ಅಪಾಯವನ್ನು ದಂಪತಿಗೆ ತಿಳಿಸಲೇಬೇಕು ಅನ್ನುತ್ತದೆ. 2022ರ ಬಾಡಿಗೆ ತಾಯ್ತನದ ನಿಯಮಗಳಲ್ಲಿ ಒಂದೇ ಭ್ರೂಣ ಎಂಬುದು ಸಾಮಾನ್ಯ ನಿಯಮ, ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ. ಆದರೆ ‘ತಿಳಿಸುವುದು’ ಅಂದ್ರೆ ಅರ್ಥವಾಗದ ಭಾಷೆಯಲ್ಲಿ ಸಹಿ ಹಾಕಿಸಿಕೊಳ್ಳುವುದು ಅಂತಾಗಿದೆ. ಇನ್ನೊಂದು ಮಾತು: ದುಡ್ಡಿಲ್ಲದವರಿಗೆ ‘ಒಂದೇ ಭ್ರೂಣ’ ಅಂತ ಬರೀ ನಿಯಮ ಹೇರಿದರೆ ಅದು ಅನ್ಯಾಯ. ಬೆಲ್ಜಿಯಂನ ಪಾಠವೇ ಅದು. ಎರಡನೇ ಅವಕಾಶ ಕೊಟ್ಟರೆ ಮಾತ್ರ ಜನ ಒಂದಕ್ಕೆ ಒಪ್ಪುತ್ತಾರೆ. ಗೋವಾ ಸರ್ಕಾರ 2023ರಲ್ಲೇ ತನ್ನ ವೈದ್ಯಕೀಯ ಕಾಲೇಜಿನಲ್ಲಿ ಉಚಿತ ಐವಿಎಫ್ ಶುರುಮಾಡಿತು.

ಬೇಗ ಹುಟ್ಟಿದ ಮಕ್ಕಳ ಹೊಣೆ ಕೊನೆಗೆ ಬೀಳುವುದು ಸಾರ್ವಜನಿಕ ವ್ಯವಸ್ಥೆಯ ಮೇಲೂ. ಖಾಸಗಿ ಎನ್‌ಐಸಿಯುನಲ್ಲಿ ದುಡ್ಡು ಮುಗಿದವರು ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕಕ್ಕೆ ಬರುತ್ತಾರೆ. ಈ ಮಕ್ಕಳ ಅಕ್ಷಿಪಟಲವನ್ನು ಹುಟ್ಟಿದ ಮೊದಲ ವಾರಗಳಲ್ಲೇ ಪರೀಕ್ಷಿಸದಿದ್ದರೆ ಕುರುಡಾಗಬಹುದು. ನಮ್ಮಲ್ಲಿ 2008ರಿಂದ ‘ಕಿಡ್‌ರಾಪ್’ ಯೋಜನೆಯ ತಂತ್ರಜ್ಞರು ಊರೂರಿನ ಶಿಶು ಘಟಕಗಳಿಗೆ ಹೋಗಿ ಕಣ್ಣಿನ ಚಿತ್ರ ತೆಗೆದು ತಜ್ಞರಿಗೆ ಕಳಿಸುತ್ತಿದ್ದಾರೆ. ಆದ ಮೇಲಿನ ಆರೈಕೆಯಲ್ಲಿ ಇಷ್ಟು ಚೆನ್ನಾಗಿ ಯೋಚಿಸುವ ರಾಜ್ಯಕ್ಕೆ, ಆಗುವ ಮೊದಲು ತಡೆಯೋದು ಅಸಾಧ್ಯವೇನಲ್ಲ.

ನಾನು ಕೇಳೋದು ಮೂರು. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಕೈಗೆಟುಕುವ ಐವಿಎಫ್, ಒಂದು ಭ್ರೂಣದ ಷರತ್ತಿನೊಂದಿಗೆ. ಪ್ರತಿ ಕ್ಲಿನಿಕ್‌ನ ಅವಳಿ ಹೆರಿಗೆ, ಅವಧಿಪೂರ್ವ ಹೆರಿಗೆಯ ಪ್ರಮಾಣ ಸಾರ್ವಜನಿಕವಾಗಿ ಪ್ರಕಟವಾಗಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಯಾರಾದರೂ ಕೂತು ಓದಿ ಹೇಳಬೇಕು.

ಮೊನ್ನೆ ಅಕ್ಕನ ಮಕ್ಕಳ ಹುಟ್ಟುಹಬ್ಬಕ್ಕೆ ಹೋಗಿದ್ದೆ. ಎರಡೂ ಸೇರಿ ಕೇಕ್ ಕೆಡವಿದವು. ಅಕ್ಕ ನಗುತ್ತಿದ್ದಳು. ‘ಇವರಿಬ್ಬರಲ್ಲಿ ಯಾರೂ ಬೇಡ ಅಂತಲ್ಲ ಕಣೋ, ಆದ್ರೆ ಆ 41 ದಿನ ಯಾರಿಗೂ ಬರಬಾರದು’ ಅಂದಳು.