ಡಿ ವರ್ಗದ ನೀರಿನಲ್ಲಿ ಯಾವ ಮೀನು?

ಕಳೆದ ನವೆಂಬರಿನಲ್ಲಿ ಸಾಗರ ತಾಲ್ಲೂಕಿನ ಒಂದು ಹಳ್ಳಕ್ಕಿಳಿದು, ಮೊಣಕಾಲುದ್ದ ನೀರಿನಲ್ಲಿ ಅಂಗೈಯಗಲದ ಕಲ್ಲೊಂದನ್ನು ಮೆಲ್ಲಗೆ ಎತ್ತಿದೆ. ಅದರಡಿ ಕಿರುಬೆರಳುದ್ದದ ಮೀನು. ಮಾಸಲು ಹಳದಿ ಮೈ, ಅಡ್ಡಡ್ಡ ಕಂದು ಪಟ್ಟೆ, ಮೂತಿಯ ಸುತ್ತ ಕೂದಲೆಳೆಯಂಥ ಆರು ಮೀಸೆ. ಬೆಳಕು ಬಿದ್ದದ್ದೇ ತಡ, ಪಕ್ಕದ ಕಲ್ಲಿನ ಸಂದಿಗೆ ಹೊಕ್ಕು ಮಾಯವಾಯಿತು.

ಇದರ ಬಳಗದ ಎರಡು ಮೀನುಗಳನ್ನು ವಿಜ್ಞಾನಿಗಳು ಹೊಸ ಪ್ರಭೇದಗಳೆಂದು ಗುರುತಿಸಿದ್ದು 2006ರಷ್ಟು ಈಚೆಗೆ. ಒಂದಕ್ಕೆ ನಾಗೋಡಿ ಎಂಬ ಊರಿನ ಹೆಸರು, ಇನ್ನೊಂದಕ್ಕೆ ಶರಾವತಿ ನದಿಯದೇ ಹೆಸರು: ಸ್ಕಿಸ್ಟುರಾ ನಾಗೋಡಿಯೆನ್ಸಿಸ್, ಸ್ಕಿಸ್ಟುರಾ ಶರಾವತಿಯೆನ್ಸಿಸ್. ಅದಕ್ಕೂ ಎರಡು ವರ್ಷ ಮೊದಲು ಬಟಾಸಿಯೊ ಶರಾವತಿಯೆನ್ಸಿಸ್ ಎಂಬ, ಗಿರ್ಲಿನ ಬಳಗದ ಪುಟ್ಟ ಮೀನು ಇದೇ ಕಣಿವೆಯಲ್ಲಿ ಸಿಕ್ಕಿತ್ತು. ಈ ನದಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಿನ್ನೀರು ಅಷ್ಟು ಕಣಿವೆಗಳನ್ನು ನುಂಗಿ ನಾಲ್ಕು ದಶಕ ಕಳೆದ ಮೇಲೆ ಅಲ್ಲಿ ಯಾರ್ಯಾರು ಇದ್ದಾರೆಂದು ಹೆಸರು ಬರೆದುಕೊಳ್ಳಲು ಹೊರಟೆವು. ಹೆಸರು ಬರೆಸಿಕೊಳ್ಳುವ ಮೊದಲೇ ಎಷ್ಟು ಹೋದವೋ.

ನದಿ ಚೆನ್ನಾಗಿದೆಯೇ ಎಂದು ಕೇಳಿದರೆ ನಮ್ಮ ವ್ಯವಸ್ಥೆ ಒಂದು ಕೋಷ್ಟಕ ತೋರಿಸುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಎ ಯಿಂದ ಇ ವರೆಗೆ ಐದು ವರ್ಗ ಮಾಡಿದೆ. ಅದರಲ್ಲಿ ಡಿ ವರ್ಗ ವನ್ಯಜೀವಿಗಳಿಗೆ ಮತ್ತು ಮೀನುಗಾರಿಕೆಗೆ. ಲೀಟರಿಗೆ 4 ಮಿಲಿಗ್ರಾಂ ಕರಗಿದ ಆಮ್ಲಜನಕವಿರಬೇಕು, ಪಿಎಚ್ 6.5ರಿಂದ 8.5ರ ಒಳಗಿರಬೇಕು, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ದಾಟಬಾರದು. ಇಷ್ಟಿದ್ದರೆ ಮೀನಿಗೆ ಸಾಕು.

ಯಾವ ಮೀನಿಗೆ? ಕೊರವ ಮೀನು ನೀರಿನ ಮೇಲೆ ಬಂದು ಗಾಳಿ ಗುಟುಕರಿಸಿ ಬದುಕುತ್ತದೆ. ಚೇಳುಮೀನೂ ಹಾಗೆಯೇ, ಕೆಸರುಗುಂಡಿಯಲ್ಲೂ ಬೇಸಿಗೆ ಕಳೆಯಬಲ್ಲದು. ನಾನು ಕಲ್ಲೆತ್ತಿ ನೋಡಿದ ಮೀನು ಹುಟ್ಟಿದಾಗಿನಿಂದ ಕಲ್ಲಿಗೆ ಬಡಿದು ನೊರೆಯೆದ್ದು ಓಡುವ ನೀರನ್ನೇ ಉಸಿರಾಡಿದ್ದು. ಈ ಮೂರನ್ನೂ ‘ಮೀನು’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿದ್ದು ಕೋಷ್ಟಕದ ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) 2011ರ ವರದಿ ಪಶ್ಚಿಮ ಘಟ್ಟದಲ್ಲಿ ಸುಮಾರು 290 ಜಾತಿಯ ಸಿಹಿನೀರಿನ ಮೀನುಗಳನ್ನು ಲೆಕ್ಕಹಾಕಿದೆ. ಅವುಗಳಲ್ಲಿ ಹೆಚ್ಚಿನವು ಬೇರೆಲ್ಲೂ ಇಲ್ಲ.

ಉಷ್ಣವಲಯದ ಹೊಳೆಯಲ್ಲಿ ಮೀನಿನ ಬಾಳು ಮೊದಲೇ ಇಕ್ಕಟ್ಟಿನದು. 20 ಡಿಗ್ರಿ ನೀರು ಲೀಟರಿಗೆ ಹೆಚ್ಚುಕಡಿಮೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರಿಗೆ ಏಳೂವರೆ ಹಿಡಿಯುವುದೇ ಕಷ್ಟ. ನೀರು ಬಿಸಿಯಾದಷ್ಟೂ ಮೀನಿನ ಮೈ ಹೆಚ್ಚು ಆಮ್ಲಜನಕ ಬೇಡುತ್ತದೆ. ಅಂಥ ನೀರಿಗೆ ಊರಿನ ಚರಂಡಿಯನ್ನು ತಿರುಗಿಸಿದರೆ, ಕೊಳೆ ತಿನ್ನುವ ಬ್ಯಾಕ್ಟೀರಿಯಾ ಉಳಿದದ್ದನ್ನೂ ಮುಗಿಸುತ್ತವೆ.

ಇನ್ನೊಂದು ಸಂಗತಿಯಿದೆ. ಗೊಬ್ಬರ, ಸೋಪಿನ ನೀರು ಸೇರಿ ಪಾಚಿ ಹಬ್ಬಿದ ಕಡೆ ಹಗಲೆಲ್ಲ ಪಾಚಿ ಬಿಸಿಲುಂಡು ಆಮ್ಲಜನಕ ಬಿಡುತ್ತದೆ. ರಾತ್ರಿ ಅದೂ ಉಸಿರಾಡಬೇಕಲ್ಲ, ಹಗಲು ಬಿಟ್ಟದ್ದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆಮ್ಲಜನಕ ತಳ ಕಾಣುವುದು ಬೆಳಗಿನ ಜಾವಕ್ಕೆ. ಮೀನು ಸಾಯುವುದೂ ಆಗಲೇ. ಬಾಟಲಿ ಹಿಡಿದವರು ಹನ್ನೊಂದು ಗಂಟೆಯ ಬಿಸಿಲಲ್ಲಿ ಬಂದು ನೀರು ತುಂಬಿಕೊಂಡರೆ ಅಂಕಿ ಚೆನ್ನಾಗಿಯೇ ಬರುತ್ತದೆ.

ಹೂಳಿನ ಕಥೆ ಆಮ್ಲಜನಕದ ಅಂಕಿಯಲ್ಲಿ ಕಾಣುವುದೇ ಇಲ್ಲ. ಎಷ್ಟೋ ಮೀನು ಮೊಟ್ಟೆಯಿಡುವುದು ಜಲ್ಲಿಗಲ್ಲಿನ ಸಂದಿಗಳಲ್ಲಿ. ಗುಡ್ಡ ಜರಿದ, ರಸ್ತೆ ಕಡಿದ ಕೆಮ್ಮಣ್ಣು ಆ ಸಂದಿಗಳಲ್ಲಿ ಕೂತರೆ ಮೊಟ್ಟೆಗೆ ಉಸಿರಿಲ್ಲ, ಮರಿಗೆ ಮರೆಯಿಲ್ಲ. ಕುದುರೆಮುಖದ ಗಣಿ 2005ರ ಕೊನೆಗೆ ನಿಲ್ಲುವವರೆಗೂ ಭದ್ರೆ ಮಳೆಗಾಲದಲ್ಲಿ ಹೊತ್ತು ತಂದದ್ದು ಇಂಥ ಹೂಳನ್ನೇ.

ಹಾಗಾದರೆ ಒಳ್ಳೆಯ ನೀರು ಎಲ್ಲಿಂದ ಬರುತ್ತದೆ? ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಶರಾವತಿಯ ಹಳ್ಳಗಳನ್ನು ಒಂದೊಂದಾಗಿ ನೋಡಿ ಕಂಡುಕೊಂಡದ್ದು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಯಾವ ಹಳ್ಳದ ತಲೆಯ ಮೇಲೆ ನಿತ್ಯಹರಿದ್ವರ್ಣದ ಕಾಡು ಉಳಿದಿದೆಯೋ ಅಲ್ಲಿ ಘಟ್ಟದ ಸ್ವಂತ ಮೀನುಗಳು ಹೆಚ್ಚು. ಇದರಲ್ಲಿ ಒಗಟೇನೂ ಇಲ್ಲ. ಮರದ ನೆರಳು ನೀರನ್ನು ತಂಪಾಗಿಡುತ್ತದೆ, ಬೇರು ಮಣ್ಣು ಹಿಡಿಯುತ್ತದೆ, ಉದುರಿದ ಎಲೆ ತಿಂದು ಹುಳು ಬೆಳೆಯುತ್ತದೆ, ಆ ಹುಳು ಮೀನಿಗೆ. ಎಲ್ಲಕ್ಕಿಂತ ಹೆಚ್ಚಾಗಿ ಹಳ್ಳ ಏಪ್ರಿಲ್‌ನಲ್ಲೂ ಹರಿಯುತ್ತದೆ. ಮೀನು ಕಾಯುವ ಕೆಲಸ ಮೀನುಗಾರಿಕೆ ಇಲಾಖೆಯದೆಂದು ನಾವು ತಿಳಿದಿದ್ದೇವೆ. ಅದರ ಅರ್ಧ ಅರಣ್ಯ ಇಲಾಖೆಯ ಕೈಯಲ್ಲಿದೆ.

ಅಂದು ಹಳ್ಳದ ದಡದಲ್ಲಿ ಎಂಬತ್ತರ ಆಸುಪಾಸಿನ ಅಜ್ಜರೊಬ್ಬರು ಕೂತಿದ್ದರು. ಮುಂಗಾರಿನ ಮೊದಲ ಕೆಂಪು ನೀರಿಗೆ ಹತ್ತುಮೀನು ಗದ್ದೆಯವರೆಗೆ ಏರಿ ಬರುತ್ತಿದ್ದುದನ್ನು, ಮೀನು ಹಿಡಿಯುವ ಕೂಣಿ ಒಡ್ಡಿ ರಾತ್ರಿ ಕಾಯುತ್ತಿದ್ದುದನ್ನು ಹೇಳಿದರು. “ಈಗ ಎಲ್ಲಿ ಹತ್ತುತ್ತವೆ ಮಾರಾಯ್ರೆ, ಕೆಳಗೆ ಕಟ್ಟೆ ಕಟ್ಟಿದಾರಲ್ಲ” ಎಂದರು. ಆಮೇಲೆ, ನಾನು ಕೇಳದೆಯೇ, ಈ ಹಳ್ಳದಲ್ಲಿದ್ದ ಮೀನುಗಳ ಹೆಸರನ್ನು ಬೆರಳು ಮಡಚುತ್ತ ಎಣಿಸತೊಡಗಿದರು. ಎರಡೂ ಕೈಯ ಬೆರಳು ಮುಗಿದು ಮತ್ತೆ ಮೊದಲ ಬೆರಳಿಗೆ ಬಂದರು. ಪಕ್ಕದಲ್ಲಿ ನಿಂತಿದ್ದ ಮೊಮ್ಮಗನಿಗೆ ಅವುಗಳಲ್ಲಿ ಮೂರು ಗೊತ್ತಿದ್ದವು. ನಾನು ಜೇಬಿನಿಂದ ಪೆನ್ನು ತೆಗೆದು, ಮೊದಲಿನಿಂದ ಇನ್ನೊಮ್ಮೆ ಹೇಳಿ ಎಂದೆ.